ಗುಂಡನ ಬೆನ್ನಿನ ಎಣ್ಣೆಬೊಟ್ಟು

ಫಕ್ಕೀರಪ್ಪ ಮಾಸ್ತರರ ಮುದಿ ಕಾರಿನ ಹೊಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದರ ಅಡಿಯೇ ಗುಂಡನೆಂಬ ಬಿಳಿ ನಾಯಿಯ ಅರಮನೆ.

"ಆಚೆ ಮಲಗೋ ಮಾರಾಯ, ನಿನ್ನ ಮೈ ಹೊಲಸಾಗ್ತದೆ," ಎಂದಿತು ಕಾರು ನಾಚಿಕೊಂಡು.

"ಇಷ್ಟು ಬೆಚ್ಚಗಿನ ಹೊಟ್ಟೆ ಇನ್ಯಾರಿಗಿದೆ ಅಜ್ಜ? ಸುಮ್ಮನಿರು."

ಮಾಸ್ತರರು ಕಾರಿನಡಿ ತೆವಳಿ ಎಂಜಿನ್ನಿನ ಎಣ್ಣೆ ನಿಲ್ಲುವ ಆಯಿಲ್ ಪ್ಯಾನನ್ನು ಎಷ್ಟು ಒರೆಸಿ ನೋಡಿದರೂ ಸೋರುವ ಜಾಗ ಸಿಗಲಿಲ್ಲ. "ನಾಳೆಯೂ ಸಿಗದಿದ್ದರೆ ಇದು ಗುಜರಿಗೇ," ಎಂದು ಗೊಣಗಿ ಎದ್ದರು. ಕಾರು ಗಡಗಡ ನಡುಗಿತು.

ಗುಂಡ ಆ ರಾತ್ರಿ ಎಂದಿನಂತೆ ಮುಂದಿನ ಚಕ್ರದತ್ತ ತಲೆ ಇಟ್ಟು, ನೊಣ ಕೂತರೂ ಮಿಸುಕದೆ ಮಲಗಿದ. ಬೆಳಿಗ್ಗೆ ಮಾಸ್ತರರೆದುರು ಹೋಗಿ ಬೆನ್ನು ತಿರುಗಿಸಿ ನಿಂತ. ಬಾಲದ ಬುಡದಲ್ಲಿ ದುಂಡಗೆ ಒಂದೇ ಕರಿಬೊಟ್ಟು.

"ಇವನ ತಲೆ ಯಾವಾಗಲೂ ಮುಂದಿನ ಚಕ್ರದತ್ತ. ಹಾಗಾದರೆ ಸೋರುವುದು ಪ್ಯಾನಿನ ಹಿಂದಿನ ಮೂಲೆ," ಎಂದರು ಮಾಸ್ತರರು. ಪ್ಯಾನ್ ಬಿಚ್ಚಿದರೆ ಅಲ್ಲೇ, ಎಣ್ಣೆ ಸೋರದಂತೆ ಅಂಚಿಗೆ ಕೂರಿಸುವ ಗ್ಯಾಸ್ಕೆಟ್ ಹರಿದಿತ್ತು. ಹೊಸದು ಹಾಕಿ, ಪ್ಯಾನ್ ಬಿಗಿದು, ಗುಂಡನನ್ನೂ ಸೋಪು ಹಚ್ಚಿ ತೊಳೆದರು.

"ಇನ್ನು ನಿನ್ನ ಮೇಲೆ ಒಂದು ಹನಿಯೂ ಬೀಳಲ್ಲ," ಎಂದಿತು ಕಾರು ಹೆಮ್ಮೆಯಿಂದ.

ಗುಂಡ ತೊಳೆದ ಬಾಲವನ್ನು ಮೂಸಿ ಮುಖ ಸಪ್ಪಗೆ ಮಾಡಿದ. "ಅದೇನೋ ಸರಿ ಅಜ್ಜ. ಆದರೆ ನಾವಿಬ್ಬರೂ ಒಂದೇ ಮನೆಯವರು ಅಂತ ಬೀದಿಯವರಿಗೆ ಹೇಗೆ ತಿಳಿಯಬೇಕು?"

ಹೀಗೆಂದು, ಮುಂದಿನ ಚಕ್ರದ ಬಳಿ ಹೋಗಿ ಪ್ರೀತಿಯಿಂದ ಕಾಲೆತ್ತಿದ.