ಒಲೆ ಪಕ್ಕದ ಕುಂಡಗಳು

ಹೊಳೆ ದಂಡೆಯಲ್ಲೊಂದು ಮಠ. ದಾರಿ ಕೇಳಿದರೆ ಪಕ್ಕದೂರಿನವರೂ ತಡವರಿಸುವಷ್ಟು ಸಣ್ಣದು.

ಚಳಿಗಾಲ ಬಂತೆಂದರೆ ಅಲ್ಲಿನ ಗುರುಗಳು ಸುಗಂಧರಾಜದ ಗೆಡ್ಡೆಗಳನ್ನು ಕುಂಡಗಳಲ್ಲಿ ಹೂತು, ಅಡುಗೆಮನೆಯ ಒಲೆ ಪಕ್ಕ ಇಡಿಸುತ್ತಿದ್ದರು. ಬೆಚ್ಚಗಿನ ಕತ್ತಲಲ್ಲಿ ಅವು ಚಿಗುರಬೇಕು. ಚಳಿ ಕಳೆದ ಮೇಲೆ ತೋಟಕ್ಕೆ.

ಆ ವರ್ಷ ಕುಂಡಗಳ ಉಸ್ತುವಾರಿ ಶಿಷ್ಯ ರಾಚಪ್ಪನದು.

ಗುರುಗಳು ಒಮ್ಮೆ ಪರವೂರಿಗೆ ಹೊರಟು ನಿಂತರು. "ನಾನು ಬರೋವರೆಗೂ ಇವನ್ನ ಹೊರಗೆ ತರಬೇಡ" ಅಂದರು.

"ಎಲೆ ಗೇಣುದ್ದ ಆಗಿದೆ ಬುದ್ಧಿ."

"ಆಗಲಿ."

ರಾಚಪ್ಪನಿಗೆ ತಡೆಯಲಾಗಲಿಲ್ಲ. ಗುರುಗಳು ಬರುವಷ್ಟರಲ್ಲಿ ತೋಟ ಹಸಿರಾಗಿರಬೇಕು, ಭೇಷ್ ಅನ್ನಿಸಿಕೊಳ್ಳಬೇಕು. ಚಳಿ ಬಿಟ್ಟ ಒಂದು ಬೆಳಿಗ್ಗೆ ಕುಂಡಗಳನ್ನೆಲ್ಲ ಹೊತ್ತು ತಂದು ತೋಟದ ನೇರ ಬಿಸಿಲಲ್ಲಿ ಸಾಲಾಗಿ ಇಟ್ಟ.

ಮಧ್ಯಾಹ್ನ ನೋಡಿದರೆ ಎಲೆಗಳು ಬಿಳಿಚಿಕೊಂಡು, ಬೆಂದ ಸೊಪ್ಪಿನ ಹಾಗೆ ಮಲಗಿದ್ದವು.

ಯಾರೂ ನೋಡದ ಹಾಗೆ ಎಲ್ಲವನ್ನೂ ಮತ್ತೆ ಒಲೆ ಪಕ್ಕಕ್ಕೆ ಸಾಗಿಸಿದ.

ಸಂಜೆ ಗುರುಗಳು ಬಂದರು. ಕುಂಡ ನೋಡಿದರು. "ಏನಾಯ್ತೋ ಇವಕ್ಕೆ?"

"ಬಿಸಿ ಗಂಜಿ ಬಿದ್ದಿರಬೇಕು ಬುದ್ಧಿ. ಸಿದ್ದಮ್ಮಜ್ಜಿಗೆ ಕಣ್ಣು ಮಂಜಲ್ವಾ?"

ಸಿದ್ದಮ್ಮ ಮಠದಲ್ಲಿ ಅಡುಗೆ ಮಾಡುವ ಮುದುಕಿ. ಬಾಗಿಲಲ್ಲೇ ನಿಂತಿದ್ದಳು. ರಾಚಪ್ಪ ನೋಡಿರಲಿಲ್ಲ.

"ನಾನಾ?" ಅಂದಳು. ಬಗ್ಗಿ ಒಂದೊಂದೇ ಎಲೆಯನ್ನು ಬೆರಳಲ್ಲಿ ಸವರಿದಳು. "ಇರಬಹುದು ಬುದ್ಧಿ. ನಂಗೆ ಗೊತ್ತೇ ಆಗಿಲ್ಲ."

ಗುರುಗಳು ಅವಳನ್ನೂ ನೋಡಿದರು, ಇವನನ್ನೂ ನೋಡಿದರು. ಕೈಕಾಲು ತೊಳೆಯಲು ಹೋದರು.

ಮಾರನೆ ಬೆಳಿಗ್ಗೆ ಒಲೆ ಉರಿದಿರಲಿಲ್ಲ. ಸಿದ್ದಮ್ಮ ಸೀರೆ ಮಡಚಿ ಗಂಟು ಕಟ್ಟುತ್ತಿದ್ದಳು.

"ಎಲ್ಲಿಗಜ್ಜಿ?" ರಾಚಪ್ಪ ಕೇಳಿದ.

"ತಂಗಿ ಮನೆಗೆ ಕಣಪ್ಪ. ನಿನ್ನೆ ಗೆಡ್ಡೆ ಮೇಲೆ ಗಂಜಿ ಸುರಿದೆ. ನಾಳೆ ಪಂಕ್ತೀಲಿ ಕೂತ ಮಕ್ಕಳ ಮೇಲೆ ಸುರಿದರೆ?"

ರಾಚಪ್ಪ ಹೊಳೆಗೆ ಓಡಿದ. ಗುರುಗಳು ಬಟ್ಟೆ ಹಿಂಡುತ್ತಿದ್ದರು.

"ಬುದ್ಧಿ, ಬಿಸಿಲಿಗೆ ಇಟ್ಟಿದ್ದು ನಾನು. ಸುಳ್ಳು ಹೇಳಿದೆ."

"ಸರಿ."

"ಕ್ಷಮಿಸಿಬಿಡಿ ಬುದ್ಧಿ."

ಗುರುಗಳು ಬಟ್ಟೆ ಕೊಡವಿದರು. "ನನ್ನದೇನು ಹೋಗಿತ್ತೋ?"

ರಾಚಪ್ಪ ಮಠದ ಕಡೆ ತಿರುಗಿದ. ಓಡಿ ಬಂದ ದಾರಿಯೇ ಈಗ ಸವೆಯಲಿಲ್ಲ.

ಸಿದ್ದಮ್ಮ ಗಂಟು ಬಗಲಲ್ಲಿಟ್ಟು ಹೊಸ್ತಿಲು ದಾಟುತ್ತಿದ್ದಳು.

"ಅಜ್ಜಿ, ನೀನೇನೂ ಸುರಿದಿಲ್ಲ. ಬಿಸಿಲಲ್ಲಿಟ್ಟು ಸುಟ್ಟವನು ನಾನು."

"ನನ್ನ ಕೈ ಅಲ್ವಾ?"

"ಅಲ್ಲ."

"ಇನ್ನೊಂದ್ಸಲ ಹೇಳು."

"ನಿನ್ನ ಕೈ ಅಲ್ಲ ಅಜ್ಜಿ. ನಿನ್ನ ಕಣ್ಣೂ ಅಲ್ಲ."

ಮುದುಕಿ ಗಂಟು ಇಳಿಸಿ ಹೊಸ್ತಿಲ ಮೇಲೇ ಕೂತಳು. "ರಾತ್ರಿಯೆಲ್ಲ ಈ ಕೈ ಹಿಡ್ಕೊಂಡು ಕೂತಿದ್ದೆ ಕಣೋ, ಮುಂಡೇದೇ!"

ಸೆರಗಲ್ಲಿ ಮೂಗು ಒರೆಸಿಕೊಂಡು ಎದ್ದಳು. "ಏನ್ ನಿಂತಿದ್ದೀಯ? ಸೌದೆ ತಾ. ಜನ ಉಣ್ಣೋದು ಬೇಡ್ವಾ?"

ರಾಚಪ್ಪ ಸೌದೆ ತಂದ. ಆಮೇಲೆ ಕುಂಡಗಳ ಹಿಂದಿನ ಕತ್ತಲಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತುಬಿಟ್ಟ.

ಊಟದ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದರು. ಸಿದ್ದಮ್ಮ ಎಲ್ಲರಿಗೂ ಕೂಗಿ ಕೂಗಿ ಹೇಳುತ್ತಿದ್ದಳು: "ನಾನಲ್ಲವಂತೆ ಕಣ್ರೋ! ಆ ರಾಚನಂತೆ!" ಜನ ನಗುತ್ತಿದ್ದರು.

ಗುರುಗಳು ಒಳಗೆ ಬಂದರು. ಕುಂಡದ ಮಣ್ಣು ಸರಿಸಿ ಗೆಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಗಟ್ಟಿಯಾಗೇ ಇತ್ತು. ಸುಟ್ಟ ಎಲೆಗಳನ್ನು ಚಿವುಟಿ ಹಾಕಿದರು.

"ಎಲ್ಲರಿಗೂ ಗೊತ್ತಾಯ್ತು ಬುದ್ಧಿ. ಹೊರಗೆ ಮುಖ ತೋರಿಸಲಾರೆ. ಇಲ್ಲೇ ಇದ್ದುಬಿಡ್ತೀನಿ."

ಗುರುಗಳು ಒಂದು ಕುಂಡ ಎತ್ತಿಕೊಂಡು ಹೋಗಿ ಜಗಲಿಯ ಕಂಬದ ನೆರಳಲ್ಲಿಟ್ಟರು.

ಒಳಗಿನಿಂದಲೇ ರಾಚಪ್ಪ ಕೇಳಿದ: "ತೋಟಕ್ಕಲ್ವಾ ಬುದ್ಧಿ?"

"ಇಷ್ಟು ದಿನ ಕತ್ತಲಲ್ಲಿ ಇದ್ದದ್ದು. ಒಂದೇ ಸಲಕ್ಕೆ ತೋಟಕ್ಕೆ ಒಯ್ದರೆ ತಡೆಯಲ್ಲ."

ಕೈಯ ಮಣ್ಣು ಒರೆಸಿಕೊಂಡು ಅವನ ಕಡೆ ತಿರುಗಿದರು.

"ನೀನೂ ಇವತ್ತಿಗೆ ಜಗಲಿವರೆಗೆ ಬಾ. ಸಾಕು."