ಮೂಗು ಸೋತ ತಾಂಡೇಲ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಮಠಕ್ಕೆ ಬಂದ ಹೊಸದರಲ್ಲಿ ಸಿಟ್ಟು ಬಂದರೆ ನನಗೇ ಗೊತ್ತಾಗುತ್ತಿತ್ತು, ನಾಚಿಕೆಯಾಗುತ್ತಿತ್ತು. ಈಗ ಎಷ್ಟು ಹುಡುಕಿದರೂ ನನ್ನಲ್ಲಿ ಸಿಟ್ಟು ಕಾಣುವುದಿಲ್ಲ. ಅದು ನನ್ನನ್ನು ಬಿಟ್ಟು ಹೋಯಿತು ಎನ್ನಬಹುದೇ?"

ಗುರುಗಳು ಅವನಿಗೆ ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಕಡಲ ತೀರದಲ್ಲಿ ಒಬ್ಬ ತಾಂಡೇಲನಿದ್ದ. ತಾಂಡೇಲ ಎಂದರೆ ಮೀನುಗಾರಿಕೆಯ ದೋಣಿ ನಡೆಸುವ ಮುಖ್ಯಸ್ಥ. ದೋಣಿಯಲ್ಲಿ ಅವನ ಮಾತಿಗೆ ಯಾರೂ ಎದುರಾಡುವಂತಿಲ್ಲ. ಅದು ಅಲ್ಲಿಯ ಕಟ್ಟಳೆ. ಇವನಿಗೆ ತನ್ನ ಮೂಗಿನ ಮೇಲೆ ಬಲು ಅಭಿಮಾನ. ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಕೆಳಕೋಣೆಯಲ್ಲಿ ತುಂಬಿಟ್ಟ ಮೀನಿನ ಜಾತಕವನ್ನೇ ಹೇಳುತ್ತಿದ್ದ. ಅವನು ಮೂಸಿ ಒಪ್ಪಿದ ಮೇಲೆಯೇ ಉಳಿದವರು ಕೆಳಗಿಳಿಯುತ್ತಿದ್ದರು.

ಮುಚ್ಚಿಟ್ಟ ಕೋಣೆಯಲ್ಲಿ ಮೀನು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ನಾತ ಅದರದು. ಪಕ್ಕದ ಬಂದರಿನಲ್ಲಿ ಅದು ಜೀವ ತೆಗೆದಿತ್ತು. ಅದಕ್ಕೇ ಮೀನುಗಾರರ ಸಂಘದವರು ದೋಣಿಗೊಂದರಂತೆ ಅಂಗೈಯಗಲದ ಯಂತ್ರ ಕೊಟ್ಟಿದ್ದರು. ಆ ಗಾಳಿ ತೀರ ಅಲ್ಪವಿದ್ದರೂ ಯಂತ್ರ ಕೂಗುತ್ತದೆ. ಮೂಗಿಲ್ಲದವರಿಗೆ ಇದು ಬೇಕು ಎಂದು ನಕ್ಕು, ತಾಂಡೇಲ ಅದನ್ನು ಮೊಳೆಗೆ ನೇತುಹಾಕಿದ್ದ.

ಒಮ್ಮೆ ಮೀನು ತುಂಬಿಕೊಂಡು ಮರಳುವಾಗ ಎಂಜಿನ್ ಕೆಟ್ಟು ದೋಣಿ ನಡುಗಡಲಲ್ಲಿ ನಿಂತಿತು. ಐಸು ಕರಗಿತು. ಹೇಗೋ ಬಂದರು ಸೇರುವಷ್ಟರಲ್ಲಿ ತಳದ ಮೀನು ಕೊಳೆತಿತ್ತು. ತಾಂಡೇಲ ಮುಚ್ಚಳ ತೆಗೆದ. ನಾತ ಮುಖಕ್ಕೆ ಹೊಡೆಯಿತು. ಅವನು ಅಲ್ಲೇ ಕಾದು ಕುಳಿತ. ಸ್ವಲ್ಪ ಹೊತ್ತಿಗೆ ನಾತವೇ ಇಲ್ಲವಾಯಿತು. ಗಾಳಿ ಚೊಕ್ಕಟವಾಯಿತು, ಇಳಿ ಎಂದು ಜೊತೆಗೆ ಅಲ್ಲೇ ಕುಳಿತಿದ್ದ ತನ್ನ ತಮ್ಮನಿಗೆ ಹೇಳಿದ. ಆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ.

ತಮ್ಮನಿಗೆ ಪಕ್ಕದ ಬಂದರಿನ ಸಾವು ನೆನಪಿತ್ತು. ಯಂತ್ರವನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟು, ಏಣಿಗೆ ಕಾಲಿಟ್ಟ. ಯಂತ್ರ ಕಿರುಚತೊಡಗಿತು. ತಮ್ಮ ಅಲ್ಲೇ ನಿಂತು ಅಣ್ಣನ ಮುಖ ನೋಡಿದ. ದೋಣಿಯಲ್ಲಿ ಮೊದಲ ಸಲ ತಾಂಡೇಲನಿಗೆ ಎದುರುತ್ತರ ಬಂದಿತ್ತು, ಅದೂ ಒಂದು ಡಬ್ಬಿಯಿಂದ. ಅವನಿಗೆ ಮೈಯೆಲ್ಲ ಉರಿಯಿತು. ಡಬ್ಬಿ ಸುಳ್ಳು ಹೇಳುತ್ತಿದೆ ಎಂದು ತೋರಿಸಲು, ದೋಣಿಯ ಆಚೆ ತುದಿಯಲ್ಲಿ ಒಲೆಯ ಮುಂದಿದ್ದ ಅಡುಗೆಯವನನ್ನು ಸಾಕ್ಷಿಗೆ ಕರೆದ. ಅಡುಗೆಯವನು ಹತ್ತಿರ ಬರುತ್ತಲೇ ಮೂಗು ಮುಚ್ಚಿಕೊಂಡ.

"ಇದೆಂತ ನಾತ ತಾಂಡೇಲ್ರೇ, ನಿಲ್ಲಿಕ್ಕೇ ಆಗುದಿಲ್ಲ. ನಿಮ್ಗೆ ಬರುದಿಲ್ವಾ?"

ತಾಂಡೇಲನಿಗೆ ಆಗ ಹೊಳೆಯಿತು. ನಾತ ಹೋಗಿರಲಿಲ್ಲ, ಅವನ ಮೂಗು ಹೋಗಿತ್ತು. ಆ ಗಾಳಿಯ ಗುಣವೇ ಅಂಥದು. ಕೊಲ್ಲುವ ಮೊದಲು ಮೂಗನ್ನು ಮಂಕು ಮಾಡುತ್ತದೆ. ಅವನು ತಮ್ಮನ ರಟ್ಟೆ ಹಿಡಿದು ಏಣಿಯಿಂದ ಸೆಳೆದು ಅಪ್ಪಿಕೊಂಡ.

"ಬೇಡ ಮಾರಾಯ, ನನ್ನ ಮಾತು ಕೇಳ್ಬೇಡ. ಅದು ಹೇಳಿದ್ದು ಕೇಳು."

ಫ್ಯಾನು ಹಚ್ಚಿ ಒಳಗೆ ಗಾಳಿ ಹಾಯಿಸಿದರು. ಯಂತ್ರ ಸುಮ್ಮನಾಗುವ ತನಕ ಯಾರೂ ಇಳಿಯಲಿಲ್ಲ. ಆಮೇಲೆ ತಮ್ಮ ಇಳಿದ. ಮೇಲಿನ ಪದರದ ಒಳ್ಳೆಯ ಮೀನು ಬುಟ್ಟಿ ಬುಟ್ಟಿಯಾಗಿ ಹೊರಬಂತು, ಕೊನೆಗೆ ತಮ್ಮನೂ ನಗುತ್ತ ಹೊರಬಂದ. ತಾಂಡೇಲನ ಮೂಗಿಗೆ ಡಬ್ಬಿಯೊಂದು ಬುದ್ಧಿ ಕಲಿಸಿತಂತೆ ಎಂದು ಬಂದರೆಲ್ಲ ಆಡಿಕೊಂಡಿತು. ತಾಂಡೇಲ ಆ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು, ತಮ್ಮನ ಹೆಗಲ ಮೇಲೆ ಕೈಯಿಟ್ಟು, ಅವರೆಲ್ಲರ ನಡುವೆಯೇ ಎದೆಯುಬ್ಬಿಸಿ ನಡೆದ. ಅಷ್ಟು ದೊಡ್ಡ ಬೇಟೆಯನ್ನು ಅವನು ಅದುವರೆಗೆ ದಡಕ್ಕೆ ತಂದಿರಲಿಲ್ಲ.

ಶಿಷ್ಯನ ಮುಖ ಅರಳಿತು. ತಾಂಡೇಲ ಗೆದ್ದ ಎಂದ. ಗುರುಗಳೂ ನಕ್ಕು ಹೌದೆಂದರು, ಆಮೇಲೆ ಕೇಳಿದರು:

"ಸಿಟ್ಟು ಹೋಯಿತೇ ಎಂದು ನನ್ನನ್ನು ಕೇಳಿದೆಯಲ್ಲ, ನಿನಗೆ ದಿನಾ ಊಟ ಬಡಿಸುವವನನ್ನು ಕೇಳಿದ್ದೀಯಾ?"