ನಿಂತಯ್ಯನ ಬಂಡೆ

ಕೆಂಚನಕೋಟೆಯಿಂದ ಮೂಡಲಿಗೆ ಅರ್ಧ ಹರದಾರಿ ನಡೆದರೆ, ಹಿಡಿ ನೆರಳೂ ಇಲ್ಲದ ಬೋಳು ಬಂಡೆಯೊಂದು ಎದುರಾಗುತ್ತದೆ. ಅದೇ ನಿಂತಯ್ಯನ ಬಂಡೆ. ಅಯ್ಯ ಎಂದಕೂಡಲೇ ಯಾರೋ ತಪಸ್ವಿಯಿರಬೇಕೆಂದು ಬಂದವರು ಕೈಮುಗಿಯುತ್ತಾರೆ. ಮುಗಿಯಲಿ ಬಿಡಿ, ಕೈಗೇನು ನಷ್ಟ. ಆದರೆ ಅಲ್ಲಿ ನಿಂತವನು ತಪಸ್ವಿಯಲ್ಲ, ಈ ಸೀಮೆಯ ಪಾಳೆಯಗಾರ ಕೊಂಡಪ್ಪ ನಾಯಕ.

ಹಿಂದೆ ಒಮ್ಮೆ ನಾಯಕನು ಬೇಟೆಯಲ್ಲಿ ಹಂದಿಗೆಂದು ಎಸೆದ ಈಟಿ, ಕೆರೆಯಂಗಳದಲ್ಲಿ ಮಣ್ಣು ಅಗೆಯುತ್ತಿದ್ದ ಕುಂಬಾರನಿಗೆ ತಗುಲಿ ಅವನು ಸತ್ತನಂತೆ. ಅವನ ಹೆಂಡತಿ ಮಾಳವ್ವ ನೇರವಾಗಿ ಕಟ್ಟೆಮನೆಯ ಗೌಡ ಚಿಕ್ಕೀರಪ್ಪನ ಬಳಿ ಬಂದು ನ್ಯಾಯ ಕೇಳಿದಳು. ಗೌಡನಿಗೆ ದಿಕ್ಕೇ ತೋಚಲಿಲ್ಲ. ನ್ಯಾಯ ಹೇಳುವ ಅಧಿಕಾರ ತನಗೆ ಬಂದದ್ದೇ ನಾಯಕನಿಂದ, ಕೊಟ್ಟವನನ್ನೇ ಕರೆಸುವುದೆಂತು? ಆದರೆ ಕಟ್ಟೆಮನೆಗೊಂದು ಕಟ್ಟಳೆಯಿತ್ತು. ದೂರು ಬಿದ್ದವನು ಯಾರೇ ಆಗಿರಲಿ, ಊರು ಒಂದು ಮಾತಿಗೆ ಬರುವ ತನಕ ದಿನವೂ ಹೊತ್ತು ಹುಟ್ಟಿ ಮುಳುಗುವವರೆಗೆ ಕೊಡೆ, ತಲೆಯ ಪಾಗು, ಕಾಲ ಮೆಟ್ಟು ಬಿಟ್ಟು ಈ ಬಂಡೆಯ ಮೇಲೆ ನಿಲ್ಲಬೇಕು. ಪಟ್ಟವೇರುವಾಗ ತಾನೇ ಆಣೆಯಿಟ್ಟು ಒಪ್ಪಿದ ಕಟ್ಟಳೆಯೆಂದು ನಾಯಕ ಬಂದು ನಿಂತ. ಗಳಿಗೆಯಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದ ಎನ್ನುತ್ತಾರೆ.

ದೊರೆಗೆ ದಂಡ ಉಂಟೇ ಎಂದು ಗೌಡ ಊರನ್ನು ಕೇಳಿದ. ಉಂಟೆನ್ನುವವರು ಬಲಕ್ಕೆ, ಇಲ್ಲವೆನ್ನುವವರು ಎಡಕ್ಕೆ ಕಲ್ಲಿಡಬೇಕು. ದೊರೆಯನ್ನು ಕಟ್ಟಿಹಾಕಿದರೆ ಗಡಿ ಕಾಯುವವರಾರು ಎಂದು ಒಬ್ಬ ಅಂದರೆ ಬಲದ ಕಲ್ಲುಗಳು ಎಡಕ್ಕೆ ಹೋಗುತ್ತಿದ್ದವು. ಮುಂದಿನ ಈಟಿ ನಿನ್ನ ಮಗನಿಗೆ ತಗುಲಿದರೆ ಎಂದು ಇನ್ನೊಬ್ಬ ಕೇಳಿದರೆ ಎಡದವು ಬಲಕ್ಕೆ. ಗೌಡನ ತಮ್ಮನಂತೂ ಎರಡೂ ಕಡೆ ಇಟ್ಟು, "ಅಣ್ಣಾ, ಮನಸ್ಸು ಎರಡಿರುವಾಗ ಕಲ್ಲು ಒಂದೇ ಅಂದ್ರೆ ಹೆಂಗೆ?" ಎಂದನಂತೆ. ಹೀಗೆ ಎಂಟು ದಿನ, ಚೈತ್ರದ ಬಿಸಿಲು. ನಾಯಕನ ಅಂಗಾಲು ಬೊಬ್ಬೆಯೆದ್ದವು.

ಒಂಬತ್ತನೆಯ ದಿನ ಕಲ್ಲುಗಳೆಲ್ಲ ಎಡದ ಗುಡ್ಡೆಗೇ ಬಂದವು. ದೊರೆಗೆ ದಂಡವಿಲ್ಲವೆಂದು ಗೌಡ ತಡವರಿಸುತ್ತ ಸಾರಿದ.

"ಮತ್ತೆ ಒಂಬತ್ತು ದಿನ ನಾನು ಪಟ್ಟದ್ದು ಏನು?" ಎಂದ ನಾಯಕ.

ಉತ್ತರ ಕೊಟ್ಟವಳು ಮಾಳವ್ವ. "ಅದು ಕಾಯೋದು ಕಣಪ್ಪಾ, ದಂಡ ಅಲ್ಲ. ನಾನೂ ನಿಮ್ಮೆದುರಿಗೇ ನಿಂತಿದ್ದೆ, ಇದೇ ಬಿಸಿಲಾಗೆ."

ಇಳಿಯಲೆತ್ತಿದ ಕಾಲನ್ನು ನಾಯಕ ಹಿಂದಕ್ಕಿಟ್ಟ. "ಗೌಡಾ, ಊರನ್ನು ಇನ್ನೊಮ್ಮೆ ಕೇಳು." ಅದು ದೊರೆಯ ಅಪ್ಪಣೆಯೋ, ದೂರು ಬಿದ್ದವನ ಬಿನ್ನಹವೋ ಚಿಕ್ಕೀರಪ್ಪನಿಗೆ ಸಾಯುವವರೆಗೂ ತಿಳಿಯಲಿಲ್ಲ. ಆದರೂ ಕೇಳಿದ. ಊರು ಮತ್ತೆ ಕಲ್ಲು ಹುಡುಕತೊಡಗಿತು. ಆಮೇಲೆ ಒಂದು ಮಾತಿಗೆ ಬಂದದ್ದನ್ನು ಕಂಡವರಿಲ್ಲ ಎನ್ನುತ್ತಾರೆ.

ಬಂಡೆಯ ನೆತ್ತಿಯಲ್ಲಿ ಇಂದಿಗೂ ಎದುರುಬದುರಾಗಿ ಎರಡು ಜೊತೆ ಹೆಜ್ಜೆಗುಳಿಗಳಿವೆ. ದೊಡ್ಡ ಜೊತೆಗೆ ಯಾರೋ ಕುಂಕುಮ ಹಚ್ಚಿರುತ್ತಾರೆ. ಚಿಕ್ಕ ಜೊತೆಯಲ್ಲಿ ಮಳೆನೀರು ನಿಂತಿರುತ್ತದೆ. ಆಡುಗಳು ಬಂದು ಕುಡಿಯುತ್ತವೆ.